ಯಜಮಾನ ಹೋದ ಮೇಲೆ ತರಲೆ

ಏಪ್ರಿಲ್ 9, ಬೆಳಿಗ್ಗೆ

ಮತ್ತೆ ನೀರಿನ ಬಟ್ಟಲು ಖಾಲಿ. ರಾತ್ರಿ ಅಂಚಿನವರೆಗೆ ತುಂಬಿಸಿಟ್ಟಿದ್ದೆ. ಯಜಮಾನ ಪಕ್ಕದಲ್ಲೇ ಕೂತು ಮುಖ ನೋಡುತ್ತಿದ್ದ, ಇನ್ನಷ್ಟು ಹಾಕು ಅನ್ನುವ ಹಾಗೆ. ಚಿಕ್ಕ ಬೆಕ್ಕು ತರಲೆ ಅವನ ಬಾಲದ ಮೇಲೆ ಹಾರಿದಳು, ಕಚ್ಚಿದಳು, ಎಳೆದಳು. ಅವನಿಗೆ ಲಕ್ಷ್ಯವೇ ಇಲ್ಲ. ಮೊದಲಾಗಿದ್ದರೆ ತಲೆಗೊಂದು ಏಟು ಬೀಳುತ್ತಿತ್ತು.

"ಸೆಕೆಗೆ ಹಾಗೆ," ಅಂದರು ಇವರು, ಶೂ ಲೇಸು ಬಿಗಿಯುತ್ತ. ಯಾವುದೋ ನರ್ಸಿಂಗ್ ಹೋಮಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆಯಂತೆ. ತಿಂಡಿ ಅರ್ಧಕ್ಕೇ ಬಿಟ್ಟು ಓಡಿದರು. ಲಿಫ್ಟ್ ಮೆಕ್ಯಾನಿಕ್ಕನ್ನು ಕಟ್ಟಿಕೊಂಡವಳಿಗೆ ಇಬ್ಬರೂ ಕೂತು ತಿಂಡಿ ತಿನ್ನುವುದು ಗಗನಕುಸುಮ.

ಸೆಕೆ ಅಲ್ಲ ಅನಿಸುತ್ತಿದೆ. ಎತ್ತಿಕೊಂಡರೆ ಬೆನ್ನುಮೂಳೆ ಕೈಗೆ ಸಿಗುತ್ತದೆ.

ಏಪ್ರಿಲ್ 13

ಡೆಂಟಲ್ ಲ್ಯಾಬಿನಲ್ಲಿ ಇಡೀ ದಿನ ಒಂದೇ ಹಲ್ಲಿನ ಸೆಟ್ಟು. ಯಾರೋ ಅಜ್ಜಿಯದು. ಮುಂದಿನ ಎರಡು ಹಲ್ಲಿನ ನಡುವೆ ಮೊದಲಿದ್ದ ಸಂದು ಹಾಗೇ ಬೇಕಂತೆ. "ಸಂದು ಇಲ್ಲದಿದ್ರೆ ನನ್ನ ಗಂಡನಿಗೆ ನನ್ನ ಗುರುತು ಸಿಗಲ್ಲ" ಅಂದರಂತೆ. ಪಕ್ಕದ ಮೇಜಿನ ಮೇಣದಕ್ಕ ಬಿದ್ದು ಬಿದ್ದು ನಕ್ಕಳು. ಹಲ್ಲು ಕೂರಿಸುವ ಮೇಣದಲ್ಲಿ ಅವಳನ್ನು ಮೀರಿಸುವವರಿಲ್ಲ, ಅದಕ್ಕೇ ಆ ಹೆಸರು.

ಮನೆಗೆ ಬಂದರೆ ಬಾಗಿಲಲ್ಲಿ ಮೀಟರ್ ನೋಡುವವನು. "ಮನೆ ಯಜಮಾನ್ರು ಇದಾರಾ ಮೇಡಮ್?" 

"ಇದಾರೆ, ಮಲಗಿದಾರೆ," ಅಂದೆ. ಹಳೆಯ ಜೋಕು. ಸೋಫಾ ಮೇಲೆ ಬೂದು ಬೆಕ್ಕು ತಲೆ ಎತ್ತಿತು. ಅವನೂ ನಕ್ಕ. ಆದರೆ ಬಾಗಿಲು ಹಾಕಿದ ಮೇಲೆ ನನಗೆ ನಗು ಬರಲಿಲ್ಲ. ಯಜಮಾನ ನಿಜವಾಗಿಯೂ ಮಲಗಿಯೇ ಇರುತ್ತಾನೆ ಈಗ.

ಏಪ್ರಿಲ್ 16

ಡಾಕ್ಟರಮ್ಮ ರಕ್ತ ತೆಗೆದು ನೋಡಿದರು. ಕಿಡ್ನಿ. ವಯಸ್ಸಾದ ಬೆಕ್ಕುಗಳಿಗೆ ಸಾಮಾನ್ಯವಂತೆ. ವಾಸಿ ಆಗುವುದಲ್ಲ, ಸುಧಾರಿಸಿಕೊಂಡು ಹೋಗಬಹುದು. ದಿನ ಬಿಟ್ಟು ದಿನ ಚರ್ಮದ ಕೆಳಗೆ ಡ್ರಿಪ್ಪು. ಬೇರೆ ಊಟ.

ಇವರು ಒಂದೇ ಪ್ರಶ್ನೆ ಕೇಳಿದರು: "ನೋವಿದೆಯಾ?" 

"ಈಗ ಅಷ್ಟಿಲ್ಲ. ಮುಂದೆ ಬರುತ್ತೆ. ಬೆಕ್ಕುಗಳು ಹೇಳಿಕೊಳ್ಳಲ್ಲ ನೋಡಿ."

ಅದೇ ದಿನ, ಸಂಜೆ

ಬರೆಯಲೇಬೇಕು. ಮನೆಗೆ ಬಂದು ಆಸ್ಪತ್ರೆ ಬುಟ್ಟಿಯ ಮುಚ್ಚಳ ತೆಗೆದೆ. ಯಜಮಾನ ತೂರಾಡುತ್ತ ಹೊರಗೆ ಬಂದ. ತರಲೆ ಓಡಿ ಬಂದಳು — ಮೂಗು ಚಾಚಿದಳು — ಬೆನ್ನು ಬಿಲ್ಲು ಮಾಡಿಕೊಂಡು ಬುಸ್ಸೆಂದಳು! ಹಲ್ಲು ತೋರಿಸಿ, ಕಿವಿ ಹಿಂದಕ್ಕೆ ಮಡಚಿ, ಹಾವಿನ ಹಾಗೆ. ಅವನು ಒಂದು ಹೆಜ್ಜೆ ಮುಂದಿಟ್ಟ. ಪರಚಿದಳು.

ಇವಳನ್ನು ಬೆಳೆಸಿದವನು ಅವನು. ಕಣ್ಣು ಆಗಷ್ಟೇ ಬಿಟ್ಟಿದ್ದ ಮರಿಯನ್ನು ಇವರು ಲಿಫ್ಟ್ ಇಳಿಯುವ ಗುಂಡಿಯ ತಳದಿಂದ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ಅಂದಿನಿಂದ ನೆಕ್ಕಿ, ಹೊಟ್ಟೆಗೆ ಒತ್ತಿಕೊಂಡು ಸಾಕಿದ್ದು ಯಜಮಾನ. ಗಂಡು ಬೆಕ್ಕು ಹಾಗೆ ಮಾಡುವುದನ್ನು ನಾನು ಕಂಡಿರಲಿಲ್ಲ.

"ಉಪ್ಪು ತಿಂದ ಮನೆಗೆ ಎರಡು ಬಗೀತೀಯೇನೇ!" ಎಂದು ಕೂಗಿ ಪೊರಕೆ ಎತ್ತಿದೆ. ತರಲೆ ಫ್ರಿಜ್ ಮೇಲೆ ಹತ್ತಿದವಳು ಇಳಿದಿಲ್ಲ. ಯಜಮಾನ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಮೂಗಿನ ಮೇಲೆ ಗೀರು.

ಏಪ್ರಿಲ್ 17

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಕ್ಕರು. "ಅವಳಿಗೆ ಅವನು ಅವನೇ ಅಲ್ಲ ಈಗ. ಮೈ ತುಂಬ ಕ್ಲಿನಿಕ್ ವಾಸನೆ. ಸ್ಪಿರಿಟ್ಟು, ಬೇರೆ ಪ್ರಾಣಿಗಳದ್ದು. ಕಣ್ಣಿಗೆ ಅದೇ ಮುಖ, ಮೂಗಿಗೆ ಯಾರೋ ಪರಕೀಯ. ಹೆದರಿಕೊಂಡಿದ್ದಾಳೆ, ಸಿಟ್ಟಲ್ಲ. ಒಂದು ಬಟ್ಟೆ ತಗೊಂಡು ಇಬ್ಬರ ಮೈನೂ ಉಜ್ಜಿ."

ಇವರು ತಾವು ಹಾಕಿಕೊಂಡಿದ್ದ ಬನಿಯನ್ನೇ ಕಳಚಿ ಉಜ್ಜಿದರು. ಮೊದಲು ಅವಳನ್ನು, ಆಮೇಲೆ ಅವನನ್ನು, ಮತ್ತೆ ಅವಳನ್ನು. ಗ್ರೀಸ್, ಬೆವರು ಎಲ್ಲ ಸೇರಿದ ಬನಿಯನ್ನು. ಆ ವಾಸನೆಗೆ ನಾನೇ ಬುಸ್ಸೆನ್ನಬೇಕಿತ್ತು.

ಸಂಜೆಯ ಹೊತ್ತಿಗೆ ತರಲೆ ಫ್ರಿಜ್ಜಿನಿಂದ ಇಳಿದಳು. ಹತ್ತಿರ ಹೋಗಲಿಲ್ಲ. ಬುಸ್ಸೆನ್ನಲೂ ಇಲ್ಲ.

ಏಪ್ರಿಲ್ 28

ಡ್ರಿಪ್ಪು ಹಾಕುವುದು ಅಭ್ಯಾಸವಾಯಿತು. ಇವರು ಹಿಡಿದುಕೊಳ್ಳುತ್ತಾರೆ, ನಾನು ಸೂಜಿ. ಲ್ಯಾಬಿನ ಕೈ, ನಡುಗುವುದಿಲ್ಲ. ಯಜಮಾನ ಇವರ ತೋಳಿನಲ್ಲಿ ಮುಖ ಹುದುಗಿಸಿಕೊಳ್ಳುತ್ತಾನೆ.

ತರಲೆ ಪ್ರತಿ ಸಲ ಫ್ರಿಜ್ ಮೇಲೆ. ನೋಡುತ್ತ ಕೂರುತ್ತಾಳೆ. ಮುಗಿದ ಕೂಡಲೇ ಇಳಿದು ಬಂದು ಅವನ ಬಟ್ಟಲಿನ ಊಟ ಕಬಳಿಸುತ್ತಾಳೆ. ಅವನು ಬಿಟ್ಟದ್ದಲ್ಲ, ಅವನ ಕಣ್ಣೆದುರೇ. ಬಡವನ ಕೋಪ ದವಡೆಗೆ ಮೂಲ ಅಂತಾರೆ, ಅವನಿಗೆ ಈಗ ಕೋಪವೂ ಇಲ್ಲ. ಸುಮ್ಮನೆ ಜಾಗ ಬಿಡುತ್ತಾನೆ. ನಾನು ಅವಳನ್ನು ಎತ್ತಿ ಹೊರಗೆ ಹಾಕುತ್ತೇನೆ. ದಿನಾ ಇದೇ.

ಮೇ 15

ಬರೆಯಲು ಹೊತ್ತಿರಲಿಲ್ಲ. ಯಜಮಾನ ಎದ್ದರೆ ಹಿಂಗಾಲು ಮಡಚಿಕೊಳ್ಳುತ್ತದೆ.

ಒಂದು ವಿಷಯ. ತರಲೆ ಆಟ ಬಿಟ್ಟಿದ್ದಾಳೆ. ಇವತ್ತು ಮಧ್ಯಾಹ್ನ ನೋಡಿದೆ — ಅವನ ಚಾಪೆಯ ಹತ್ತಿರ ಕೂತಿದ್ದಳು. ಅಂಟಿಕೊಂಡಲ್ಲ, ಗೇಣು ದೂರ ಬಿಟ್ಟು, ಅವನಿಗೆ ಬೆನ್ನು ಮಾಡಿ. ಬಾಗಿಲ ಕಡೆ ಮುಖ. ಬೀದಿಯಲ್ಲಿ ನಾಯಿ ಬೊಗಳಿದರೆ ಕಿವಿ ನಿಮಿರುತ್ತಿತ್ತು, ಜಾಗ ಬಿಡಲಿಲ್ಲ. ಕಾವಲೋ, ಮುನಿಸೋ, ಬರೀ ತಣ್ಣನೆ ನೆಲವೋ... ಏನೆಂದು ತಿಳಿಯುವುದು.

ಮೇ 19

ಜಗಳ. ಇವರು ಊಟದ ನಡುವೆ ತಟ್ಟನೆ ಅಂದರು: "ಸಾಕು ಕಣೇ. ಡಾಕ್ಟರಮ್ಮನ್ನ ಮನೆಗೇ ಕರೆಸೋಣ."

"ಇನ್ನೊಂದು ವಾರ ನೋಡೋಣ ರೀ. ನಿನ್ನೆ ಒಂಚೂರು ಮೀನು ತಿಂದ."

"ನಿನಗೋಸ್ಕರ ತಿಂದ. ಆಮೇಲೆ ಕಕ್ಕಿದ."

"ನಿಮಗೇನು, ಕೆಟ್ಟುಹೋದ ಲಿಫ್ಟಾ ಅವನು? ಸ್ವಿಚ್ ಆಫ್ ಮಾಡಿ ಬೋರ್ಡ್ ನೇತುಹಾಕೋಕೆ?"

ತಟ್ಟೆ ಎತ್ತಿಕೊಂಡು ಎದ್ದು ಹೋದರು. ಸಂಜೆ ಯಜಮಾನ ನೀರಿನ ಬಟ್ಟಲಿನವರೆಗೆ ನಡೆಯಲಾರದೆ ನಡುವೆಯೇ ಕೂತ. ನಾನೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಮೇ 21, ಭಾನುವಾರ

ಮಧ್ಯಾಹ್ನ ಡಾಕ್ಟರಮ್ಮ ಬಂದರು, ಇಂಜೆಕ್ಷನ್ ತಂದಿದ್ದರು. ಕಿಟಕಿಯ ಬಿಸಿಲು ಚಾಪೆಯ ಮೇಲೆ ಬಿದ್ದಿತ್ತು. ಇವರ ಕೈ ಅವನ ತಲೆಯ ಕೆಳಗೆ. ನಾನು ಕಿವಿಯ ಹಿಂದೆ ಕೆರೆಯುತ್ತಿದ್ದೆ. ಗುರುಗುಟ್ಟುತ್ತಿದ್ದ, ಕೊನೆಯವರೆಗೂ ಗುರುಗುಟ್ಟಿದ. ಆಮೇಲೆ ಕೈಗೆ ಆ ಸದ್ದು ಸಿಗಲಿಲ್ಲ.

"ತಕ್ಷಣ ತಗೊಂಡು ಹೋಗಬೇಡಿ," ಅಂದರು ಡಾಕ್ಟರಮ್ಮ. "ಅವಳೂ ನೋಡಲಿ. ಕೆಲವು ಬೆಕ್ಕುಗಳಿಗೆ ಒಳ್ಳೇದಾಗುತ್ತೆ."

ತರಲೆ ಬಂದಳು. ಕಿವಿ ಮೂಸಿದಳು. ಪಂಜ ಮೂಸಿದಳು. ಬಾಯಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ತಿರುಗಿ ಅಡುಗೆಮನೆಗೆ ಹೋದಳು. ಕರುಕುರು ಸದ್ದು ಕೇಳಿಸಿತು — ತಿನ್ನುತ್ತಿದ್ದಳು. ಬಟ್ಟಲು ಖಾಲಿ ಮಾಡಿ ಮೀಸೆ ಒರೆಸಿಕೊಂಡು ಕಿಟಕಿ ಮೇಲೆ ಮಲಗಿದಳು.

ಭಾವನವರ ಮನೆಯ ಹಿತ್ತಲಲ್ಲಿ ಮಣ್ಣು ಮಾಡಿದೆವು. ಇವರೇ ಅಗೆದರು. ಯಾರ ಕೈಗೂ ಗುದ್ದಲಿ ಕೊಡಲಿಲ್ಲ. ಒಂದು ಹನಿ ಕಣ್ಣೀರಿಲ್ಲ. ಮನೆಗೆ ಬಂದು ಅವನ ಬಟ್ಟಲು ತೊಳೆದು ಬೋರಲು ಹಾಕಿದರು. ಚಾಪೆ ತೊಳೆದು ಒಣಹಾಕಿದರು. ಸೂಜಿ, ಪೈಪು ಎಲ್ಲ ಚೀಲಕ್ಕೆ ಹಾಕಿ ಕಟ್ಟಿದರು. ಅಷ್ಟರಲ್ಲಿ ಫೋನು, ಯಾವುದೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದಾರೆ. ಹೋದರು.

ಹೋಗುವಾಗ ಅಂದೆ, "ನೀವೂ ಅವಳೂ ಒಂದೇ. ಕಲ್ಲು."

ಮೇ 24

ಮಾತಿಲ್ಲ. ಅಂದರೆ ಇದೆ. ಉಪ್ಪು ಕೊಡು, ಗ್ಯಾಸ್ ಮುಗಿದಿದೆ, ಅಷ್ಟೇ.

ಮೇಣದಕ್ಕನ ಎದುರು ಬಾಯಿ ಬಿಟ್ಟೆ. ಮೇಣ ಕಾಯಿಸುತ್ತಲೇ ಕೇಳಿಸಿಕೊಂಡಳು. "ನಮ್ಮತ್ತೆ ತೀರಿಕೊಂಡ ದಿನ ನಮ್ಮನೆಯವನು ಏನು ಮಾಡಿದ ಗೊತ್ತಾ? ಸ್ಟೂಲ್ ಹಾಕ್ಕೊಂಡು ಫ್ಯಾನ್ ಒರೆಸಿದ. ಮನೇಲಿದ್ದ ಎಲ್ಲ ಫ್ಯಾನೂ. ಬಂದ ನೆಂಟರೆಲ್ಲ ಕೆಳಗೆ ಕೂತು ಅಳ್ತಿದ್ದಾರೆ, ಇವನು ಮೇಲೆ ಧೂಳು ಉದುರಿಸ್ತಿದ್ದಾನೆ."

"ನಿನಗೆ ಸಿಟ್ಟು ಬರಲಿಲ್ವಾ?"

"ಬಂತು. ಇಳಿದ ಮೇಲೆ ಸ್ಟೂಲ್ ಹಿಡ್ಕೊಂಡು ಅವನು ನಿಂತಿದ್ದ ರೀತಿ ನೋಡಿ ಹೋಯ್ತು." ಅಷ್ಟು ಹೇಳಿ ಮತ್ತೆ ಮೇಣಕ್ಕೆ ಬಗ್ಗಿದಳು.

ಜೂನ್ 2

ತರಲೆ ಕೂಗಲು ಶುರುಮಾಡಿದ್ದಾಳೆ. ಮಿಯಾಂವ್ ಅಲ್ಲ. ಗಂಟಲ ಆಳದಿಂದ ಉದ್ದಕ್ಕೆ ಎಳೆಯುವ ಒಂದು ಸ್ವರ, ಕೊನೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ಏರುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ. ರೂಮಿನಿಂದ ರೂಮಿಗೆ. ಸೋಫಾ ಹಿಂದೆ ಇಣುಕುತ್ತಾಳೆ, ಕೂಗುತ್ತಾಳೆ, ಕಾಯುತ್ತಾಳೆ. ಬಚ್ಚಲಿಗೆ ಹೋಗುತ್ತಾಳೆ. ಕೂಗುತ್ತಾಳೆ, ಕಾಯುತ್ತಾಳೆ.

ಅಂದು ನೋಡಿದಳಲ್ಲ. ಮೂಸಿದಳಲ್ಲ. ಹಾಗಿದ್ದರೆ ಈಗ ಹುಡುಕುತ್ತಿರುವುದು ಯಾರನ್ನು?

ಕೆಳಮನೆಯವರು ಕೇಳಿದರು, "ಬೆಕ್ಕಿಗೆ ಹುಷಾರಿಲ್ವಾ?" ಹೂಂ ಅಂದು ಬಾಗಿಲು ಹಾಕಿದೆ.

ಜೂನ್ 4, ಭಾನುವಾರ

ಮಧ್ಯಾಹ್ನ ಇವರು ಮಲಗಿದ್ದರು. ಬಟ್ಟೆ ಮಡಚಲು ರೂಮಿಗೆ ಹೋದವಳು ಬಾಗಿಲಲ್ಲೇ ನಿಂತೆ. ಉದ್ದ ಕಾಲಿನ ಮನುಷ್ಯ, ಮಂಚ ಸಾಲದು ಎಂದು ಸದಾ ಗೊಣಗುವವರು. ಈಗ ಮೊಣಕಾಲು ಎದೆಗೆ ಎಳೆದುಕೊಂಡು ಮುದುಡಿ ಮಲಗಿದ್ದಾರೆ. ಮಂಚದ ಕಾಲುದೆಸೆ ಖಾಲಿ. ಯಜಮಾನ ಮಲಗುತ್ತಿದ್ದ ಜಾಗ. ಇಷ್ಟು ದಿನವೂ ಹೀಗೇ ಮಲಗುತ್ತಿದ್ದರೇನೋ. ನಾನು ಗೋಡೆ ಕಡೆ ತಿರುಗಿ ಮಲಗುವವಳು, ನೋಡಿರಲಿಲ್ಲ.

ಬಟ್ಟೆ ಅಲ್ಲೇ ಇಟ್ಟು ಬಂದೆ.

ಜೂನ್ 5

ತರಲೆ ಕಾಣಲಿಲ್ಲ. ಬಾಗಿಲು ತೆರೆದಿತ್ತೇ? ಅಟ್ಟ, ಬೀರು, ವಾಷಿಂಗ್ ಮೆಷಿನ್ನು, ಎಲ್ಲ ನೋಡಿದೆ. ಕೊನೆಗೆ ಸಿಕ್ಕಿದಳು. ಆಸ್ಪತ್ರೆ ಬುಟ್ಟಿಯೊಳಗೆ! ಆ ಬುಟ್ಟಿ ಕಂಡರೆ ಸೋಫಾ ಕೆಳಗೆ ನುಗ್ಗಿ ಹಲ್ಲು ಕಿರಿಯುವವಳು. ಇಂದು ತಾನೇ ಒಳಗೆ ಹೋಗಿ, ತಳದ ಹಳೆ ಟವೆಲ್ಲಿನಲ್ಲಿ ಮೂಗು ಹೂತು ಕೂತಿದ್ದಾಳೆ. ಟವೆಲ್ಲಿನ ತುಂಬ ಬೂದು ಕೂದಲು.

ಊಟ ಮುಟ್ಟಿಲ್ಲ. ನಿನ್ನೆಯದೂ ಹಾಗೇ ಇದೆ.

"ಟವೆಲ್ ತೊಳೆದುಹಾಕಲಾ?" ಎಂದು ಇವರನ್ನು ಕೇಳಿದೆ.

"ಬೇಡ. ಬೇಕೂಂತಲೇ ಬಿಟ್ಟಿದ್ದೀನಿ. ಅವಳಿಗೆ ಬೇಕಾಗಬಹುದು ಅನ್ನಿಸ್ತು."

ಎಲ್ಲವನ್ನೂ ತೊಳೆದವರು ಅದೊಂದನ್ನು ಬಿಟ್ಟಿದ್ದರು.

ಜೂನ್ 6

ಡಾಕ್ಟರಮ್ಮ ಫೋನಿನಲ್ಲಿ ಗಂಭೀರವಾದರು. ಬೆಕ್ಕು ಊಟ ಬಿಟ್ಟರೆ ಲಿವರಿಗೆ ಬೇಗ ಏಟು ಬೀಳುತ್ತದಂತೆ. ನಾಳೆ ಮಧ್ಯಾಹ್ನದವರೆಗೆ ನೋಡಿ, ತಿನ್ನದಿದ್ದರೆ ತಂದುಬಿಡಿ ಅಂದರು. ಊಟ ಬೆಚ್ಚಗೆ ಮಾಡಿ, ವಾಸನೆ ಬರಬೇಕು. ಬಾಯಿಗೆ ತುರುಕಬೇಡಿ. ಹತ್ತಿರ ಕೂತಿರಿ.

"ನಿಮ್ಮೆಜಮಾನ್ರು ಹೇಗಿದಾರೆ?" ಎಂದೂ ಕೇಳಿದರು. ಕೆಲಸಕ್ಕೆ ಹೋಗಿದಾರೆ ಅಂದೆ.

ಜೂನ್ 7

ಲ್ಯಾಬಿನಿಂದ ಬೇಗ ಬಂದೆ, ಅವಳನ್ನು ಕರೆದೊಯ್ಯಬೇಕಲ್ಲ ಎಂದು. ಇವರ ಶೂ ಬಾಗಿಲಲ್ಲಿ. ಕೆಲಸದ ದಿನ, ಈ ಹೊತ್ತಿಗೆ! ಒಳಗಿನಿಂದ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಅಂದುಕೊಂಡೆ.

ಇವರು ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದರು. ಒಂದು ತಟ್ಟೆಯಲ್ಲಿ ತಮ್ಮ ಊಟ, ಇನ್ನೊಂದರಲ್ಲಿ ಬಿಸಿ ಮೀನು. ಎರಡೂ ಹಾಗೇ ಇದ್ದವು.

"...ಮೊದಲ ದಿನ ನಿನ್ನ ನೋಡಿ ಮೂಗು ಮುರಿದ ಕಣೇ. ಮೈಯೆಲ್ಲ ಗ್ರೀಸು ನಿನಗೆ. ಆಮೇಲೆ ಕೂತು ನೆಕ್ಕಿದ್ದೇ ನೆಕ್ಕಿದ್ದು. ನಾಲಿಗೆ ಕಪ್ಪಾಗಿಹೋಗಿತ್ತು ಪಾಪ." ಬುಟ್ಟಿಯ ಅಂಚು ಸವರಿದರು. "ಸಾಕು ಅಂದಿದ್ದು ನಾನೇ. ಅವಳಿಗೆ ಮನಸ್ಸಿರಲಿಲ್ಲ. ನಾನೇ ಮೊದಲು ಅಂದೆ. ಅವನು ಕೊನೇಲೂ ಗುರುಗುಟ್ಟುತಾ ಇದ್ದ. ಬೇಗ ಅಂದ್ಬಿಟ್ನಾ? ಹೇಳೇ. ಇನ್ನೊಂದು ವಾರ ಇರ್ತಿದ್ನಾ?"

ಚೀಲ ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ಬೆಚ್ಚಿದರು. ಮುಖ ತಿರುಗಿಸಿಕೊಂಡರು.

"ಬೇಗ ಅಲ್ಲ ರೀ," ಅಂದೆ. "ನೀರಿನವರೆಗೆ ನಡೆಯೋಕಾಗಲಿಲ್ಲ ಅವನಿಗೆ. ನಾನೂ ನೋಡಿದೆ. ಫೋನ್ ಮಾಡಿದ್ದು ನಾನು."

"ಕಲ್ಲು ಅಂದೆ ನೀನು."

"ಅಂದೆ. ತಪ್ಪಾಯ್ತು."

ಆಗ ಅತ್ತರು. ಭುಜ ಅಲುಗುತ್ತಿತ್ತು, ಸದ್ದಿಲ್ಲ. ನಾನೂ. ಮೀನಿನ ಆವಿ ಆರುತ್ತ ಬಂತು. ಎದ್ದು ಮತ್ತೆ ಬಿಸಿ ಮಾಡಿ ತಂದೆ. ಇವರು ಬೆರಳ ತುದಿಗೆ ಒಂದಿಷ್ಟು ಹಚ್ಚಿ ಬುಟ್ಟಿಯ ಬಾಯಿಗೆ ಹಿಡಿದು, ಬೇರೆ ಕಡೆ ನೋಡುತ್ತ ಕೂತರು. ತರಲೆ ಮೂಸಿದಳು. ಕಣ್ಣು ಮುಚ್ಚಿದಳು. ಎಷ್ಟೋ ಹೊತ್ತಾದ ಮೇಲೆ ಆ ಬೆರಳನ್ನು ನೆಕ್ಕಿದಳು.

ಇನ್ನೊಂದು ಬೆರಳು. ಇನ್ನೊಂದು. ತಟ್ಟೆ ಮುಟ್ಟಲಿಲ್ಲ, ಕೈಯಿಂದಲೇ ತಿಂದಳು. ಡಾಕ್ಟರಮ್ಮನಿಗೆ ಹೇಳಿದೆ. "ಸದ್ಯಕ್ಕೆ ಸಾಕು, ಹಾಗೇ ಕೊಡಿ" ಅಂದರು.

ಇವರ ಊಟವನ್ನೂ ಬಿಸಿ ಮಾಡಿಕೊಟ್ಟೆ. ತಿಂದರು.

ಜೂನ್ 12

ತಟ್ಟೆಯಲ್ಲೇ ತಿನ್ನುತ್ತಾಳೆ ಈಗ, ಯಾರಾದರೂ ಹತ್ತಿರ ಕೂತರೆ ಮಾತ್ರ. ಎದ್ದರೆ ತಾನೂ ಏಳುತ್ತಾಳೆ. ಸಂಜೆಯ ಕೂಗು ಇದೆ, ಕಡಿಮೆಯಾಗಿದೆ. ಕೂಗಿದಾಗ ಇವರು ಇದ್ದ ಕಡೆಯಿಂದಲೇ "ಇಲ್ಲಿದ್ದೀನಿ ಕಣೇ" ಅನ್ನುತ್ತಾರೆ. ಅವಳು ಕೇಳಿದ್ದು ಇವರನ್ನಲ್ಲ, ಅದು ಇವರಿಗೂ ಗೊತ್ತು. ಆದರೂ ಅನ್ನುತ್ತಾರೆ. ಅವಳು ಬಂದು ಕಾಲಿಗೊಮ್ಮೆ ಒರಗಿ ಹೋಗುತ್ತಾಳೆ.

ಜೂನ್ 18, ಭಾನುವಾರ, ಬೆಳಿಗ್ಗೆ

ಫೋನು ಇನ್ನೂ ಬಂದಿಲ್ಲ. ಇಬ್ಬರೂ ಕೂತು ತಿಂಡಿ ತಿನ್ನುವ ಯೋಗ ಇದ್ದರೂ ಇರಬಹುದು. ಇವರು ಅಡುಗೆಮನೆಯಲ್ಲಿ, ನನ್ನನ್ನು ಒಳಗೆ ಬಿಡುತ್ತಿಲ್ಲ. ಏನೋ ಸೀದ ವಾಸನೆ.

ದಡಬಡ ಸದ್ದು. ಪಾತ್ರೆ ಬಿತ್ತು. ಇವರು ಕೂಗುತ್ತಿದ್ದಾರೆ: "ಬೇಗ ಬಾರೇ, ನೋಡಿಲ್ಲಿ, ಇವಳು ಹಿಟ್ಟಿನ ಡಬ್ಬಿ ಒಳಗೆ..." ಉಳಿದದ್ದು ಕೇಳಿಸಲಿಲ್ಲ. ನಗುತ್ತಿದ್ದಾರೆ. ಕೆಮ್ಮು ಬರುವಷ್ಟು ನಗುತ್ತಿದ್ದಾರೆ. ಹೋಗಿ ನೋಡುತ್ತೇನೆ.