ಹಿಂದಿನ ಸೀಟು

ರೀ,

ಬೈಕು ಸ್ಟಾರ್ಟ್ ಆಗ್ತಿಲ್ಲ ಅಂತ ಒದ್ದು ಒದ್ದು ಕಾಲು ನೋಯಿಸಿಕೊಳ್ಳಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನಾನೇ ಆಫೀಸಿಗೆ ಒಯ್ದಿದ್ದೇನೆ. ಬೀರು ಕೆದಕಬೇಡಿ.

ಬೆಳಿಗ್ಗೆ ಗಾಡಿ ಒರೆಸುವಾಗ, ಚಾಸಿಗೆ ನೀವೇ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಉಗುರು ಆಡಿಸಿದರೆ ಸಿಕ್ಕಿಕೊಂಡಿತು. ಬರೀ ಬಣ್ಣದ ಬಿರುಕಲ್ಲ. ಇವತ್ತು ಹೆದ್ದಾರಿಗೆ ಒಯ್ಯುತ್ತೀನಿ ಅಂದಿದ್ದಿರಲ್ಲ, ಅದಕ್ಕೇ ಪ್ಲಗ್ ಬಿಚ್ಚಿಸಿದ್ದು.

ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ತೋರಿಸಿ. "ನಂಗೊತ್ತಿಲ್ವಾ" ಅನ್ನಬೇಡಿ.

ಮಾವನವರ ಹಳೇ ಬೈಕನ್ನು ರೇಸ್ ಗಾಡಿ ಥರದ ಸ್ಟ್ರೀಟ್ ಟ್ರ್ಯಾಕರ್ ಮಾಡ್ತೀನಿ ಅಂದಿರಿ, ಹೂಂ ಅಂದೆ. ಅಗಲದ ಹ್ಯಾಂಡಲ್ ಬಂತು, ಅದಕ್ಕೂ ಹೂಂ ಅಂದೆ. "ರೇಸ್ ಗಾಡೀಲಿ ಒಬ್ರೇ ಕೂರೋದು ಕಣೇ" ಅಂತ ಹಿಂದಿನ ಸೀಟನ್ನು ಅದರ ಕೆಳಗಿನ ಚಾಸಿ ತುಂಡಿನ ಸಮೇತ ಕತ್ತರಿಸಿದಿರಿ. ಇಷ್ಟು ವರ್ಷ ಅಲ್ಲಿ ಕೂತು, ಸೊಂಟ ಚಿವುಟಿ ನಿಮ್ಮನ್ನು ನಿಧಾನ ಮಾಡಿಸುತ್ತಿದ್ದವಳು ನಾನು. ನೀವು ಕತ್ತರಿಸಿ ಎಸೆದದ್ದು ಆ ಬ್ರೇಕನ್ನೇ.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಅಂಗಡಿಯವರು ಬಂದಾಗ ಹಿಂದಿನ ಸೀಟನ್ನೂ ಕೂರಿಸಲು ಹೇಳಿ. ಗಾಡಿಯ ಚಂದ ಕೆಟ್ಟರೆ ಕೆಡಲಿ. ಬಿದ್ದರೆ ಇಬ್ಬರೂ ಬೀಳೋಣ. ಮನೆಯಲ್ಲಿ ಒಬ್ಬಳೇ ಕೂತು, ಫೋನ್ ಹೊಡೆದುಕೊಂಡಾಗಲೆಲ್ಲ ಸಾಯುವುದು ನನ್ನಿಂದಾಗದು.