ಹುಡುಗಿಯನ್ನು ಕೇಳಲು ಬರುವ ಭಾನುವಾರ

ನಿಲ್ಗುನ್, ನನ್ನ ಮಗಳೇ,

ಆಬಂತ್ ಸರೋವರದ ದಂಡೆಯ ಚಹಾದಂಗಡಿಯಲ್ಲಿ ನಿನ್ನನ್ನೂ ಆ ಜೆವ್ದೆತ್‌ನನ್ನೂ ಬಿಟ್ಟು ಮಿನಿಬಸ್ಸು ಹತ್ತಿ ಬಂದೆನಲ್ಲ, ಇವತ್ತಿಗೆ ಹನ್ನೊಂದು ದಿನ. ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅದು ಮೇಜಿನ ಮೇಲೆ ಬಡಿದುಕೊಳ್ಳುವುದನ್ನು ನೋಡುತ್ತಾ ಕೂತೆ. ಎತ್ತಿದರೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿರಲಿಲ್ಲ. ಕಾಗದವಾದರೆ ತಪ್ಪಿದ್ದನ್ನು ಹೊಡೆದುಹಾಕಬಹುದು. ಇದಕ್ಕೂ ಮೊದಲು ಬರೆದ ಎರಡು ಕಾಗದ ಒಲೆಗೆ ಹೋದವು. ಒಂದರಲ್ಲಿ ಬರೀ ಸಿಟ್ಟಿತ್ತು, ಇನ್ನೊಂದರಲ್ಲಿ ಬರೀ ಕ್ಷಮೆ. ಎರಡೂ ಸುಳ್ಳು ಅನ್ನಿಸಿತು.

ನೀನು ಒಂಬತ್ತು ವರ್ಷ ಈ ಮನೆಯ ಸೊಸೆಯಾಗಿದ್ದೆ. ವಿಚ್ಛೇದನಕ್ಕೆ ಕೋರ್ಟಿನಲ್ಲಿ ಸಹಿ ಹಾಕಿ ನೀನು ಅಂಕಾರಾಕ್ಕೆ, ನನ್ನ ಮಗ ಸೆರ್ಹಾತ್ ಬೋಲುಗೆ ಹೋಗಿ ಎರಡು ವರ್ಷವಾಯಿತು. ಯಾರೂ ಯಾರಿಗೂ ಕೈ ಎತ್ತಲಿಲ್ಲ, ಯಾರೂ ಯಾರ ಜೊತೆಗೂ ಓಡಿಹೋಗಲಿಲ್ಲ. ಒಳ್ಳೆಯವರಿಬ್ಬರು ಒಂದೇ ಮೇಜಿಗೆ ಕೂತು ಒಂದು ದಿನ ಮಾತು ನಿಲ್ಲಿಸಿಬಿಟ್ಟಿರಿ. ಏಕೆ ಎಂದು ನಾನು ಮಗನನ್ನು ಕೇಳಿದೆ, ನಿನ್ನನ್ನು ಕೇಳಿದೆ. ಇಬ್ಬರೂ 'ಗೊತ್ತಿಲ್ಲಮ್ಮ' ಎಂದಿರಿ. ಸಿಟ್ಟು ಮಾಡಿಕೊಳ್ಳಲು ಒಬ್ಬ ಅಪರಾಧಿಯಾದರೂ ಬೇಡವೇ? ನೀವು ಅದನ್ನೂ ಕೊಡಲಿಲ್ಲ.

ಪ್ರತಿ ಶರತ್ಕಾಲ ನನ್ನ ಮೊಣಕಾಲಿನ ನೆಪದಲ್ಲಿ ನಾವಿಬ್ಬರೂ ಕರಾಜಾಸುವಿನ ಬಿಸಿನೀರಿನ ಬುಗ್ಗೆಗೆ ಹೋಗುತ್ತಿದ್ದೆವು. ಹೋದ ವರ್ಷ ನಾನೂ ಕರೆಯಲಿಲ್ಲ, ನೀನೂ ಕೇಳಲಿಲ್ಲ. ಚಳಿಗಾಲವಿಡೀ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೇ ಓಡಾಡಿದೆ. ಈ ವರ್ಷ ಎಲೆ ಹಳದಿಯಾಗುವ ಹೊತ್ತಿಗೆ ನಿನ್ನ ಫೋನು ಬಂತು. "ಅಮ್ಮಾ, ನಿಮ್ಮ ಮೊಣಕಾಲು ಬಿಸಿನೀರು ಕೇಳ್ತಿಲ್ವಾ?" ಅಂದೆ. ಬಟ್ಟೆ ತುಂಬಿಕೊಳ್ಳಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಸೆರ್ಹಾತ್‌ಗೆ ಮಾತ್ರ, ಅಕ್ಕಪಕ್ಕದ ಹೆಂಗಸರ ಜೊತೆ ಹೋಗುತ್ತಿದ್ದೇನೆ ಎಂದೆ. ಅರವತ್ತೆಂಟು ವರ್ಷದ ಹೆಂಗಸು, ಕದ್ದು ಸಿನಿಮಾಗೆ ಹೋಗುವ ಹುಡುಗಿಯ ಹಾಗೆ ಬಸ್ಸು ಹತ್ತಿದೆ.

ಸ್ನಾನದಮನೆಯಲ್ಲಿ ಮೈ ಉಜ್ಜುವ ಹಾಜೆರ್ ನಮ್ಮನ್ನು ನೋಡಿದ ಕೂಡಲೇ ಕೈಗೆ ಉಜ್ಜುಬಟ್ಟೆ ಹಾಕಿಕೊಂಡೇ ಕೂಗಿದಳಲ್ಲ: "ಏನಕ್ಕಾ, ಹೋದ ವರ್ಷ ಅತ್ತೆ ಸೊಸೆ ಇಬ್ರೂ ನಾಪತ್ತೆ! ಮಗ ಹೇಗಿದಾನೆ?" ನಾನು ಕಣ್ಣು ಮುಚ್ಚಿಕೊಂಡೇ ಹೇಳಿದೆ: "ಚೆನ್ನಾಗಿದಾನೆ. ಕೆಲಸದ ಮೇಲೆ ಇಜ್ಮಿರ್‌ಗೆ ಹೋಗಿದಾನೆ." ನೀನು ಒಂದು ಬೋಗುಣಿ ನೀರು ತಲೆ ಮೇಲೆ ಸುರಿದುಕೊಂಡೆ. ಹಾಜೆರ್ ಬಿಡುತ್ತಾಳೆಯೇ? "ಅತ್ತೆ ಬೆನ್ನು ಉಜ್ಜೋ ಸೊಸೆ ಈ ಕಾಲದಲ್ಲಿ ಎಲ್ಲಿದಾಳಕ್ಕಾ? ನನ್ನ ಸೊಸೆಗೆ ನನ್ನ ಬೆನ್ನು ಕಂಡ್ರೆ ಪ್ರೀತಿ. ಅದು ಬಾಗಿಲ ಕಡೆ ಹೋಗ್ತಿರಬೇಕು, ಅಷ್ಟೆ!" ಕಲ್ಲಿನ ಗುಮ್ಮಟ ಮೊಳಗುವ ಹಾಗೆ ಮೂವರೂ ನಕ್ಕೆವು. ನಾನು ಏಕೆ ಸುಳ್ಳು ಹೇಳಿದೆ ಎಂದು ನೀನು ಆಮೇಲೆ ಕೇಳಲಿಲ್ಲ. ನಾಚಿಕೆಗಲ್ಲ, ಮಗಳೇ. ಆ ಸುಳ್ಳು ನಿಂತಿರುವಷ್ಟು ಹೊತ್ತು ನೀನು ನನ್ನ ಸೊಸೆಯಾಗಿದ್ದೆ.

ಮರುದಿನ ಬಿಸಿನೀರಿನ ಕೊಳದಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದಾಗ ನೀನು ಹೇಳಿದೆ, "ಅಮ್ಮಾ, ಒಬ್ಬರು ಇದಾರೆ." ಹಬೆಯಲ್ಲಿ ನಿನ್ನ ಮುಖ ಸರಿಯಾಗಿ ಕಾಣಲಿಲ್ಲ. ಹೆಸರು ಜೆವ್ದೆತ್, ನಲ್ಲಿಹಾನ್‌ನಲ್ಲಿ ಹಸು ಕುರಿ ನೋಡುವ ಡಾಕ್ಟರು ಎಂದೆ. "ಒಳ್ಳೇದಾಯ್ತು. ಬಾಯಿಬಿಟ್ಟು ಹೇಳದವರ ಕಷ್ಟ ಅವನಿಗಾದರೂ ತಿಳಿಯುತ್ತೆ" ಎಂದುಬಿಟ್ಟೆ. ನೀನು ನಕ್ಕೆ. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಎದೆಯಲ್ಲಿ ಚುಚ್ಚಿತು. ಆ ಮಾತು ಯಾರ ಮೇಲೆ ಆಡಿದ್ದು? ಹೊತ್ತು ಹೆತ್ತ ಮಗನ ಮೇಲೆ! ನಿನಗಾಗಿ ಸಂತೋಷಪಟ್ಟರೆ ಅವನಿಗೆ ದ್ರೋಹ, ಅವನಿಗಾಗಿ ದುಃಖಪಟ್ಟರೆ ನಿನಗೆ ಅನ್ಯಾಯ. ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ. ಮೊಣಕಾಲಿಗೆ ಬಂದವಳು ತಲೆ ಕೆಡಿಸಿಕೊಂಡು ಕೂತೆ.

ಮೂರನೆಯ ದಿನ ಆಬಂತ್‌ಗೆ ಹೋದೆವು. ಅಲ್ಲಿಗೆ ಅವನು ಬರುತ್ತಾನೆ ಎಂದು ನೀನು ದಾರಿಯಲ್ಲಿ ಹೇಳಿದ್ದೆ. ನಾನು ಕೇಳಿಸದವಳ ಹಾಗೆ ಕಿಟಕಿ ನೋಡಿದ್ದೆ. ಬಂದ. ಮೊರದಗಲದ ಕೈ. ನನ್ನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡು "ಅಮ್ಮಾ" ಎಂದ. ಅಷ್ಟು ಸಲೀಸಾಗಿ! ಕೂರುವಾಗ ನೋಡಿ, "ಎಡಗಾಲಿಗೆ ಭಾರ ಬಿಡ್ತಿದೀರಿ, ಬಲಗಾಲೇ ನೋಯ್ತಿರಬೇಕು" ಎಂದ, ಸಂತೆಯಲ್ಲಿ ಕುದುರೆ ನೋಡುವವನ ಹಾಗೆ. ಅವನಲ್ಲಿ ಏನಾದರೊಂದು ಕೊರತೆ ಹುಡುಕಬೇಕೆಂದು ಒದ್ದಾಡಿದೆ. ಚಹಾ ಸುರ್ ಅನ್ನಿಸಲಿ, ತನ್ನ ಬಗ್ಗೆಯೇ ಕೊಚ್ಚಿಕೊಳ್ಳಲಿ, ನಿನ್ನ ಮಾತಿಗೆ ಅಡ್ಡ ಬಾಯಿ ಹಾಕಲಿ. ಏನೂ ಮಾಡಲಿಲ್ಲ. ರೊಟ್ಟಿಯ ಅಂಚು ಮುರಿದು ಮೇಜಿನ ಕೆಳಗಿದ್ದ ನಾಯಿಗೆ ಹಾಕುತ್ತಾ ನೀನು ಮಾತಾಡುವುದನ್ನು ಕೇಳಿದ. ಅದೇ ನನಗೆ ಇನ್ನಷ್ಟು ಕೋಪ ತರಿಸಿತು.

ಆಗ ನೀನು ಕೇಳಿದೆ. ಮದುವೆಗೆ ಮೊದಲು ಗಂಡಿನವರು ಹುಡುಗಿಯನ್ನು ಕೇಳಲು ಹುಡುಗಿಯ ಮನೆಗೆ ಬರಬೇಕು. ನಿನಗೆ ಅಮ್ಮನಿಲ್ಲ, ಅಪ್ಪನಿಲ್ಲ, ಸಾಕಿದ ಸೋದರಮಾವನೂ ತೀರಿಹೋದ. "ಅಮ್ಮಾ, ಅವರು ನನ್ನನ್ನ ನಿಮ್ಮ ಹತ್ರ ಕೇಳ್ಲಿ. ಗೊಯ್ನುಕ್‌ನಲ್ಲೇ, ನಮ್ಮನೇಲೇ." ನಮ್ಮನೆ ಅಂದೆ.

ನಾನು ಏನಂದೆ ಎಂಬುದು ನಿನಗೆ ಮರೆತಿರಲಾರದು. ಆದರೂ ಬರೆಯುತ್ತೇನೆ, ಆಡಿದ್ದನ್ನು ಅಡಗಿಸಿದೆ ಅನ್ನಿಸಬಾರದು. "ಮದುಮಗಳಾಗಿ ಒಳಗೆ ಬಂದ ಬಾಗಿಲಿಂದ್ಲೇ ಮದುಮಗಳಾಗಿ ಹೊರಗೆ ಹೋಗ್ತೀಯಾ? ನನ್ನ ಮಗನ ಮನೆ ಏನು ಬಸ್ ನಿಲ್ದಾಣವಾ?" ಪಕ್ಕದ ಮೇಜಿನವರು ತಿರುಗಿ ನೋಡಿದರು. ನಿನ್ನ ಮುಖ ಸುಣ್ಣದ ಹಾಗಾಯಿತು. ಜೆವ್ದೆತ್ ಎದ್ದ. ಈಗ ಬೈಯುತ್ತಾನೆ, ಬೈಯಲಿ, ಆಗ ನಾನು ಗೆದ್ದ ಹಾಗೆ ಎಂದುಕೊಂಡೆ. ಕೆಳಗೆ ಬಿದ್ದಿದ್ದ ನನ್ನ ಶಾಲು ಎತ್ತಿ ಹೆಗಲಿಗೆ ಹಾಕಿದ, ಅಷ್ಟೇ. ನಾನು ಹೊರಟುಬಂದೆ.

ಮನೆಗೆ ಬಂದ ಮೇಲೆ ಆರು ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ಸೆರ್ಹಾತ್ ಬಂದಾಗ, ಹುರುಳಿಕಾಯಿ ಸಾರು ಬಡಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಬಿಸಿನೀರು, ಕೊಳ, ಆ ಮನುಷ್ಯ, ನೀನು ಕೇಳಿದ್ದು. ಅವನು ಚಮಚ ಕೆಳಗಿಟ್ಟ.

"ಅಮ್ಮಾ, ನೀನು ನನ್ನ ಅಮ್ಮನಾ, ಅವಳ ಅಮ್ಮನಾ?"

"ಗೊತ್ತಿಲ್ಲ ಕಣೋ" ಎಂದೆ. ಅವನು ಕೋಟು ತೆಗೆದುಕೊಂಡು ಹೋದ, ಸಾರು ಹಾಗೇ ಉಳಿಯಿತು. ಸೊಸೆಯನ್ನು ಸರೋವರದ ದಂಡೆಯಲ್ಲಿ ಕಳೆದುಕೊಂಡೆ, ಮಗನನ್ನು ಊಟದ ಮೇಜಿನಲ್ಲಿ ಕಳೆದುಕೊಂಡೆ ಎಂದು ಕೂತೆ.

ನಿನ್ನೆ ಬೆಳಿಗ್ಗೆ ಅವನು ಮತ್ತೆ ಬಂದ. ಬಾಗಿಲಲ್ಲೇ ನಿಂತು ಕೇಳಿದ: "ಎಷ್ಟು ಜನ ಬರ್ತಾರೆ?"

"ಯಾರು?"

"ಅವಳನ್ನ ಕೇಳೋಕೆ."

"ನಾನಿನ್ನೂ ಹೂಂ ಅಂದಿಲ್ಲ."

"ನೀನಲ್ದೆ ಇನ್ಯಾರು ಅಂತಾರಮ್ಮ? ಅವಳಿಗೆ ಇನ್ಯಾರಿದಾರೆ?" ಎಂದವನು ಕೋಣೆಯೊಳಗೆ ಒಮ್ಮೆ ಕಣ್ಣಾಡಿಸಿ, "ನಾಲ್ಕೇ ಕುರ್ಚಿ. ಮರ್ಯಾದೆ ಹೋಗುತ್ತೆ" ಎಂದ.

ಇಳಿಜಾರಿನ ಕೆಳಗಿನ ಕಾಫಿಯಂಗಡಿಗೆ ಹೋಗಿ ಕುರ್ಚಿ ಎರವಲು ಕೇಳಿ ತಂದ, ಒಂದೊಂದು ಕೈಯಲ್ಲಿ ಒಂದೊಂದು, ಮೂರು ಸಲ. ನಮ್ಮ ಬೀದಿಯ ಏರು ನಿನಗೆ ಗೊತ್ತಲ್ಲ. ಎರಡನೆಯ ಸಲ ಹತ್ತುವಾಗ ಎದುರುಮನೆ ಶುಕ್ರಿಯೆ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಕೇಳಿದಳು, "ಏನಪ್ಪಾ ಸೆರ್ಹಾತ್, ಮನೇಲಿ ಶುಭಕಾರ್ಯನಾ?" ಅವನು ನಿಲ್ಲಲಿಲ್ಲ. ನಡೆಯುತ್ತಲೇ ಹೇಳಿದ: "ಹೌದು ಚಿಕ್ಕಮ್ಮ. ನಮ್ಮ ಹುಡುಗೀನ ಕೇಳೋಕೆ ಬರ್ತಿದಾರೆ."

ಆರನೆಯ ಕುರ್ಚಿ ಇಳಿಸಿ ಅದರ ಮೇಲೇ ಕೂತ. ಟವೆಲ್ಲು ತೆಗೆದು ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ನಾನು ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಹೋದೆ. ಅವರು ಬರುವ ದಿನ ತಾನು ಇಲ್ಲಿರುವುದಿಲ್ಲ, ಚುಬುಕ್ ಸರೋವರಕ್ಕೆ ಮೀನು ಹಿಡಿಯಲು ಹೋಗುತ್ತೇನೆ ಎಂದು ಕೂತಲ್ಲಿಂದಲೇ ಕೂಗಿ ಹೇಳಿದ. ಅವನು ಮೀನು ಹಿಡಿದದ್ದನ್ನು ನಾನು ಈವರೆಗೆ ಕಂಡಿಲ್ಲ. ನೀನು ಕಂಡಿದ್ದೀಯಾ?

ಹಾಗಾಗಿ, ಬರುವ ಭಾನುವಾರ ಅವರನ್ನು ಕರೆದುಕೊಂಡು ಬಾ. ಆಡಿದ ಮಾತಿಗೆ ನನ್ನನ್ನು ಕ್ಷಮಿಸು. ಜೆವ್ದೆತ್‌ಗೂ ಹೇಳು. ನಾನು ನಿನ್ನನ್ನು ಕಳೆದುಕೊಳ್ಳುತ್ತಿದ್ದೇನೋ, ಮದುವೆ ಮಾಡಿ ಕಳಿಸುತ್ತಿದ್ದೇನೋ ನನಗೆ ಇನ್ನೂ ತಿಳಿದಿಲ್ಲ. ತಿಳಿಯುವವರೆಗೆ ಕಾದರೆ ನಿನಗೂ ನನ್ನ ವಯಸ್ಸಾಗಿಬಿಡುತ್ತದೆ. ದೇವರ ಅಪ್ಪಣೆಯಂತೆ ನಿಮ್ಮ ಹುಡುಗಿಯನ್ನು ನಮ್ಮ ಹುಡುಗನಿಗೆ ಕೊಡಿ ಎಂದು ಅವನ ಹಿರಿಯರು ಕೇಳುವಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೆದರಬೇಡ. ಕೊಟ್ಟೆ ಅನ್ನುತ್ತೇನೆ. ನಿಧಾನವಾಗಿ ಅನ್ನುತ್ತೇನೆ.

ನೀನು ಕಾಲಿಡುವ ಮನೆಯಲ್ಲಿ ನಿನ್ನ ಹೆಸರು ಪ್ರೀತಿಯಿಂದ ಕರೆಯುವವರಿರಲಿ. ನನ್ನ ಆಯುಸ್ಸಿನಲ್ಲಿ ಉಳಿದಿರುವುದರಲ್ಲಿ ಸ್ವಲ್ಪ ದೇವರು ನಿನಗೆ ಕೊಡಲಿ.

ನಿನ್ನ ದಾರಿ ನೋಡುತ್ತಾ,
ಮುನೆವ್ವೆರ್ ಅಮ್ಮ
ಗೊಯ್ನುಕ್