ಎರಡು ಕೆಜಿ ನಾನೂರು ಗ್ರಾಂ

ನನ್ನನ್ನು ಮೊಟ್ಟಮೊದಲು ತೂಗಿದ ದೊಡ್ಡಮ್ಮನಿಗೆ,

ಫೋನ್ ಮಾಡಬಹುದಿತ್ತು. ಆದರೆ ನೀನು "ಊಟ ಆಯ್ತಾ?" ಅನ್ನುತ್ತೀಯ, ಆಮೇಲೆ "ಏನು ಊಟ?" ಅನ್ನುತ್ತೀಯ, ಅಷ್ಟರಲ್ಲಿ ನನ್ನ ಧೈರ್ಯ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಈ ಕಾಗದ.

ನಾನು ಓದುತ್ತಿರುವುದು ಏನೆಂದು ಮನೆಯಲ್ಲಿ ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ಅಮ್ಮ ಪಕ್ಕದ ಮನೆಯವರಿಗೆ "ಎಂ.ಎಸ್ಸಿ., ಸಂಖ್ಯಾಶಾಸ್ತ್ರ" ಎಂದಳಂತೆ. ಮರುದಿನವೇ ಅವರು ಬಂದು, "ಹೊಸ ಸ್ಕೂಟರಿಗೆ ಯಾವ ನಂಬರು ಒಳ್ಳೇದು, ಹೇಳಮ್ಮ" ಎಂದರು. ನಿನಗಾದರೂ ಹೇಳುತ್ತೇನೆ: ಜನರ ಆರೋಗ್ಯದ ಲೆಕ್ಕ ಒಟ್ಟುಹಾಕಿ, ಯಾವ ಮದ್ದು, ಯಾವ ಯೋಜನೆ ನಿಜಕ್ಕೂ ಕೆಲಸ ಮಾಡಿತು ಎಂದು ಹುಡುಕುವ ವಿದ್ಯೆ ಇದು. ಅಂಕಿಅಂಶ ಕಲಿಯಲು ಬಂದವಳು ಈಗ ಅಂಕಿಸಂಶಯ ಹಿಡಿದು ಕೂತಿದ್ದೇನೆ. ಸಂಶಯ ನಿನ್ನ ಮೇಲೆ.

ನನ್ನ ಪ್ರಬಂಧ ಎಳೆಕೂಸುಗಳ ತೂಕದ ಮೇಲೆ. ಎರಡೂವರೆ ಕೆಜಿಗಿಂತ ಕಡಿಮೆ ತೂಗುವ ಕೂಸಿನ ಮನೆಗೆ ಆರು ತಿಂಗಳು, ವಾರಾವಾರ ಒಬ್ಬ ನರ್ಸ್ ಹೋಗಬೇಕೆಂಬ ನಿಯಮವನ್ನು ನಿನಗೆ ನಾನು ಹೇಳಿಕೊಡಬೇಕೇ? ಆ ಭೇಟಿಗಳಿಂದ ಲಾಭವಾಯಿತೇ ಎಂದು ನೋಡಲು ಹನ್ನೊಂದು ಹೆರಿಗೆ ಕೇಂದ್ರಗಳ ಹಳೆಯ ದಾಖಲೆ ಕೊಟ್ಟಿದ್ದಾರೆ. ಯಾವ ತೂಕಕ್ಕೆ ಎಷ್ಟು ಕೂಸು ಎಂದು ಬರೆದರೆ, ಹತ್ತು ಕೇಂದ್ರಗಳ ನಕ್ಷೆ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯುತ್ತದೆ. ನೀನು ಕೂಸು ತೂಗುತ್ತಿದ್ದ ಕೇಂದ್ರದ್ದರಲ್ಲಿ ಮಾತ್ರ ಗುಡ್ಡದ ಮಗ್ಗುಲಿಗೆ ಲೈಟ್ ಕಂಬ ನೆಟ್ಟ ಹಾಗೆ ಒಂದು ಗೆರೆ. ಮುನ್ನೂರ ಹನ್ನೆರಡು ಕೂಸುಗಳು, ಎಲ್ಲವೂ ಎರಡು ಕೆಜಿ ನಾನೂರು! ಮೊದಲ ವಾರ ಕೂಸುಗಳು ತುಸು ಇಳಿಯುತ್ತವೆ. ಇವು ಮಾತ್ರ, ಮನೆಗೆ ಹೋದ ನರ್ಸ್ ತನ್ನ ತಕ್ಕಡಿಯಲ್ಲಿ ತೂಗಿದಾಗ, ಏಳೇ ದಿನಕ್ಕೆ ಮುನ್ನೂರು, ನಾನೂರು ಗ್ರಾಂ ಏರಿವೆ. ಅಷ್ಟು ಬೇಗ ನಾನು ಹಾಸ್ಟೆಲಿನಲ್ಲೂ ಏರಿಲ್ಲ.

"ತಕ್ಕಡಿ ಕೆಟ್ಟಿತ್ತು ಅನ್ಸುತ್ತೆ, ಆ ಕೇಂದ್ರಾನೇ ಲೆಕ್ಕದಿಂದ ಕಿತ್ತುಹಾಕಿ" ಎಂದರು ಮೇಷ್ಟ್ರು. ಕೀಳುವ ಮುಂಚೆ, ಸುಮ್ಮನೆ ಕುತೂಹಲಕ್ಕೆ, ನಾನು ಹುಟ್ಟಿದ ತಾರೀಖು ಹುಡುಕಿದೆ. ಆ ದಿನ ಅಲ್ಲಿ ಹುಟ್ಟಿದ್ದು ಒಂದೇ ಕೂಸು. ತೂಕ ಎರಡು ಕೆಜಿ ನಾನೂರು.

ಅಮ್ಮನನ್ನು ಕೇಳಿದೆ. "ನೀನಾ ಸಣ್ಣ? ಕುಂಬಳಕಾಯಿ ಥರ ಇದ್ದೆ! ಆದ್ರೂ ಆ ನರ್ಸಮ್ಮ ಯಾಕೆ ವಾರಾವಾರ ಬರ್ತಿದ್ರೋ" ಎಂದು ನಕ್ಕಳು. ಆಮೇಲೆ, ಮಡಚಿಟ್ಟಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚುತ್ತಾ ಅಂದಳು: "ಆಗ ನಂಗೆ ಏನೂ ಬೇಡ ಅನ್ಸ್ತಿತ್ತು ಕಣೇ. ನಿನ್ನ ಎತ್ಕೊಳ್ಳೋದೂ ಬೇಡ. ಅವರು ಬರೋ ದಿನ ಮಾತ್ರ ತಲೆ ಬಾಚ್ಕೊಳ್ತಿದ್ದೆ."

ಆಗ ನೆನಪಾಯಿತು. ಶಾಲೆ ಬಿಟ್ಟ ಮೇಲೆ ನಿನ್ನ ತೂಕದ ಕೋಣೆಯ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತಿರುತ್ತಿದ್ದೆನಲ್ಲ, ಒಮ್ಮೆ ಕೆಲಸ ಕಲಿಯಲು ಬಂದ ನರ್ಸನ್ನು ನೀನು ಗದರಿಸಿದ್ದೆ: "ಮುಳ್ಳು ಆಮೇಲೆ ನೋಡೇ ತಾಯಿ, ಅದೆಲ್ಲೂ ಓಡಿಹೋಗಲ್ಲ. ಮೊದ್ಲು ಅವಳ ಮುಖ ನೋಡು."

ದೊಡ್ಡಮ್ಮ, ಕೂಸನ್ನು ತಕ್ಕಡಿಗೆ ಹಾಕಿ ನೀನು ತಾಯಂದಿರನ್ನು ತೂಗುತ್ತಿದ್ದೆಯಾ?

ಭೇಟಿಗಳು ಮುಂದುವರಿಯಬೇಕೋ ಬೇಡವೋ ಎಂದು ಇಲಾಖೆಯವರು ನಿರ್ಧರಿಸುವಾಗ ನನ್ನ ಪ್ರಬಂಧವನ್ನೂ ನೋಡುತ್ತಾರೆ. ದುಂಡಗಿದ್ದ ಮುನ್ನೂರ ಹನ್ನೆರಡು ಕೂಸುಗಳನ್ನು ಬಡಕಲೆಂದು ಬರೆದು, ನರ್ಸ್ ಹೋದದ್ದರಿಂದಲೇ ದುಂಡಗಾದವು ಎನ್ನಲು ನನ್ನಿಂದಾಗದು. ನಿಜ ಬರೆದರೆ, ನಿನ್ನ ಹೆಸರು ಮುಚ್ಚಿಟ್ಟೂ ಪ್ರಯೋಜನವಿಲ್ಲ. ಅಲ್ಲಿ ತೂಗುತ್ತಿದ್ದವಳು ನೀನೊಬ್ಬಳೇ ಎಂದು ಎಲ್ಲರಿಗೂ ಗೊತ್ತು. ನೀನು ಬೇಡವೆಂದರೆ ಮೇಷ್ಟ್ರು ಹೇಳಿದಂತೆ ಕಿತ್ತುಹಾಕಿ ಸುಮ್ಮನಾಗುತ್ತೇನೆ. ಆದರೆ ಕೂಸು ದುಂಡಗಿದ್ದೂ ತಾಯಿ ಮುರುಟಿದ್ದ ಮನೆಗೆ ಯಾರಾದರೂ ಹೋಗಬೇಕೆಂಬ ನಿಯಮ ಇವತ್ತಿಗೂ ಇಲ್ಲ. ಕಿತ್ತುಹಾಕಿದರೆ ಆ ತಾಯಂದಿರೂ ಹೋದರು.

ಭಾನುವಾರ ಖಾಲಿ ನೋಟ್‌ಬುಕ್ ಹಿಡಿದು ಬರುತ್ತೇನೆ. ಊಟದ ವಿಚಾರಣೆ ಆಮೇಲೆ. ಆ ದಿನ ಅಮ್ಮನ ಮುಖದಲ್ಲಿ ಏನು ಕಂಡಿತು ಎಂದು ಮೊದಲು ಹೇಳು. ಮುಳ್ಳು ಎಲ್ಲಿ ನಿಂತಿತ್ತು ಅನ್ನುವುದನ್ನು ಬೇಕಾದರೆ ನಿನ್ನಲ್ಲೇ ಇಟ್ಟುಕೋ.

ಕನ್ನಡಕ ಬದಲಾದರೂ ನಿನ್ನ ಕಣ್ಣು ಹಾಗೇ ಇರಲಿ.

ಇಂತಿ,
ನೀನು ತೂಕ ಕದ್ದ ಕುಂಬಳಕಾಯಿ